ಪದ ಬೇಕು (ತುರ್ತು): ಕನ್ನಡಿಯೊಳಗೆ ನೋಡಿ ಮುಂದಾಗುವುದನ್ನು ಹೇಳುವುದಕ್ಕೆ

ಚಿತ್ರದುರ್ಗದಲ್ಲಿ ಶಾಲಾ ವಸ್ತುಪ್ರದರ್ಶನ, ವಿಷಯ ಕನ್ನಡಿಯ ನಂಬಿಕೆಗಳು. ಮೂರಡಿ ಬೋರ್ಡಿಗೆ ತಲೆಬರಹ ಬೇಕು. ಇಂಗ್ಲಿಷಿನಲ್ಲಿ 'ಕ್ಯಾಟಾಪ್ಟ್ರೊಮ್ಯಾನ್ಸಿ'. ಕೆಳಗಿನ ವಿವರ: ಗ್ರೀಸಿನ ಪಾತ್ರಾಸ್‌ನಲ್ಲಿ ಡಿಮೀಟರ್ ದೇವಿಯ ಗುಡಿಯ ಮುಂದಿನ ಬುಗ್ಗೆಗೆ ಕನ್ನಡಿಯನ್ನು ದಾರ ಕಟ್ಟಿ ಇಳಿಬಿಡುತ್ತಿದ್ದರು. ಮುಳುಗಿಸುವಂತಿಲ್ಲ, ಅಂಚು ಮಾತ್ರ ನೀರಿಗೆ ತಾಗಬೇಕು. ಆಮೇಲೆ ಧೂಪ ಹಾಕಿ, ರೋಗಿ ಉಳಿಯುತ್ತಾನೋ ಇಲ್ಲವೋ ಎಂದು ಅದರೊಳಗೆ ನೋಡುವುದು. ಕ್ರಿ.ಶ. 2ನೇ ಶತಮಾನದ ಗ್ರೀಕ್ ಪ್ರವಾಸಿ ಪಾಸೇನಿಯಸ್ ಬರೆದದ್ದು. ಸದ್ಯ 'ದರ್ಪಣ ಶಕುನವಿದ್ಯೆ' ಎಂದಿದ್ದೇನೆ, ಮಕ್ಕಳ ನಾಲಿಗೆ ಹೊರಳದು. ಸಂಜೆ ಐದಕ್ಕೆ ಪೇಂಟರ್ ಬರುತ್ತಾರೆ.

---

ಅಂಜನ. ಇದ್ದ ಪದ ಬಿಟ್ಟು ಹುಡುಕುವುದೇಕೆ? ದಾವಣಗೆರೆ ಕಡೆ ಒಡವೆ ಕಳೆದರೆ 'ಅಂಜನ ಹಾಕಿಸಿ ನೋಡಿದ್ರು' ಅಂತಲೇ ಮಾತು. ದೀಪದ ಕಾಡಿಗೆಗೆ ಹರಳೆಣ್ಣೆ ಕಲಸಿ ವೀಳ್ಯದೆಲೆಗೋ ಹೆಬ್ಬೆರಳ ಉಗುರಿಗೋ ಹಚ್ಚಿ, ಚಿಕ್ಕ ಮಗುವಿನ ಕೈಲಿ ನೋಡಿಸುವುದು. ಎಣ್ಣೆ ಹೆಚ್ಚಾದರೆ ಹರಿಯುತ್ತದೆ, ಕಡಿಮೆಯಾದರೆ ಹೊಳಪಿಲ್ಲ. ಮೊದಲು ಆಂಜನೇಯ ಕಾಣಬೇಕು. ಅದರಿಂದಲೇ ಆ ಹೆಸರು.

---

> ಅದರಿಂದಲೇ ಆ ಹೆಸರು

ಅಲ್ಲ. ಸಂಸ್ಕೃತದ 'ಅಂಜ್', ಬಳಿ ಎಂದರ್ಥ. ಕಾಡಿಗೆಗೆ ಆ ಹೆಸರು ಬಂದದ್ದು ಬಳಿಯುವುದರಿಂದ. ಆಂಜನೇಯ ಅಂಜನೆಯ ಮಗ. ದರ್ಪಣವೂ ಎರವಲೇ, 'ದರ್ಪ'ದ ಬಳಗ. ನಮ್ಮಲ್ಲಿ 'ಕಣಿ' ಇದೆ, 'ಕಾಣ್' ಬೇರಿನದು. ಮಲಯಾಳಿಗಳ ವಿಷುಕ್ಕಣಿಯಲ್ಲಿ, ಅಂದರೆ ವಿಷು ಹಬ್ಬದ ಬೆಳಗ್ಗೆ ಮೊದಲು ಕಾಣಬೇಕಾದ ನೋಟದಲ್ಲಿ, ಕನ್ನಡಿಯನ್ನೂ ಇಡುತ್ತಾರೆ. ಕನ್ನಡಿ + ಕಣಿ = ಕನ್ನಡಿಗಣಿ, ಮಳೆಗಾಲದ ಹಾಗೆ. ಮುಗಿಯಿತು.

---

ಮುಗಿಯಲಿಲ್ಲ. ಇಂಗಳದಾಳಿನ ತಾಮ್ರ, ಹೊಸದುರ್ಗದ ಕಬ್ಬಿಣ ಕಂಡ ಜಿಲ್ಲೆಯಲ್ಲಿ 'ಕನ್ನಡಿಗಣಿ' ಎಂದು ಬೋರ್ಡು ಹಾಕಿದರೆ ಕನ್ನಡಿ ಎಲ್ಲಿ ಅಗೆಯುತ್ತಾರೆ ಅಂತ ಕೇಳುತ್ತಾರೆ. ಸಂಧಿ ಸರಿ, ಓದು ತಪ್ಪು. ಬಿಡಿಸಿ ಬರೆಯಿರಿ.

---

ಕಣಿ ಅಂದರೆ ಕೊರವಂಜಿ ಕೈ ನೋಡಿ ಹೇಳುವುದು. ಕನ್ನಡಿಗೆ ಯಾಕೆ ಅಂಟಿಸುತ್ತೀರಿ? ಅಂದಹಾಗೆ ಕನ್ನಡಿಯೂ ಕನ್ನಡವೂ ಒಂದೇ ಬೇರಿನವು.

---

ಒಂದೇ ಬೇರಲ್ಲ. ತಮಿಳು, ಮಲಯಾಳದಲ್ಲಿ ಕಣ್ಣಾಡಿ. ತಮಿಳಿನಲ್ಲಿ 'ಆಡಿ' ಒಂಟಿಯಾಗಿಯೂ ಕನ್ನಡಿಯೇ. ನಾಡಿನ ಹೆಸರನ್ನು ಎಳೆದು ತರಬೇಡಿ. ಕಣಿ ಕೊರವಂಜಿಯ ಸ್ವತ್ತಲ್ಲ, ಕಂಡದ್ದೆಲ್ಲ ಕಣಿ. ಎರವಲನ್ನು ಸಮರ್ಥಿಸುವವರು 'ಬೋರ್ಡು', 'ಪೇಂಟರ್' ಎರಡನ್ನೂ ಇಟ್ಟುಕೊಂಡೇ ಶುದ್ಧಿಯ ಮಾತಾಡುತ್ತಾರೆ.

---

ಶುದ್ಧಿಯ ಮಾತು ತೆಗೆದದ್ದು ನೀವು. 'ಹಲಗೆ' ಅಂದರೆ ಪೇಂಟರ್ ಮರದ್ದು ತರುತ್ತಾರೆ.

---

ಕೇಳಿದವನು ನಾನು. 'ಕನ್ನಡಿ ಕಣಿ' ಎಂದು ಬಿಡಿಸಿ ಹಾಕುತ್ತೇನೆ. ಅಂಜನಕ್ಕೆ ಬೇರೆ ಬೋರ್ಡು. ಅಲ್ಲಿ ಕನ್ನಡಿಯೇ ಇಲ್ಲ, ಹೊಳೆಯುವುದು ಎಣ್ಣೆಮಸಿ. ಇನ್ನೊಂದು ಸಾಲು ಉಳಿದಿದೆ: ಕನ್ನಡಿ ಒಡೆದರೆ 'ಏಳು ವರ್ಷ ದುರದೃಷ್ಟ'. 'ಏಳರಾಟದ ಶನಿ' ಎಂದರೆ ನಡೆದೀತೇ?

---

ಬೇಡ. ಏಳರಾಟ ಏಳೂವರೆ ವರ್ಷ. ಜನ್ಮರಾಶಿಯ ಹಿಂದಿನ ರಾಶಿ, ಜನ್ಮರಾಶಿ, ಮುಂದಿನ ರಾಶಿ, ಒಂದೊಂದಕ್ಕೆ ಎರಡೂವರೆಯಂತೆ. ಒಡೆದ ಗಾಜಿಗೂ ಶನಿಗೂ ಸಂಬಂಧವಿಲ್ಲ. ಏಳು ವರ್ಷದ್ದು ಯುರೋಪಿನ ನಂಬಿಕೆ. ನಮ್ಮದು 'ಒಡೆದ ಕನ್ನಡಿಯಲ್ಲಿ ಮುಖ ನೋಡಬಾರದು', ವರ್ಷದ ಲೆಕ್ಕವಿಲ್ಲ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಿ. 'ದುರದೃಷ್ಟ'ಕ್ಕೆ 'ಕೇಡು' ಸಾಕು, ಅಕ್ಷರವೂ ಉಳಿಯುತ್ತದೆ.

---

ಮತ್ತು 'ಬುಗ್ಗೆ' ತೆಗೆದು 'ಒರತೆ' ಮಾಡಿ.

---

ಒರತೆ ಅಂದರೆ ವೇದಾವತಿಯ ಮರಳು ಬಗೆದಾಗ ಜಿನುಗುವ ನೀರು. ಅದಕ್ಕೆ ಕನ್ನಡಿ ಇಳಿಬಿಟ್ಟರೆ ಮರಳಿಗೆ ತಾಗುತ್ತದೆ. ಬುಗ್ಗೆ ಇರಲಿ.