1950ರ ದಶಕದ ಎನ್‌ಸಿಎಎ ಸ್ಕೀಯಿಂಗ್: ನಾಲ್ಕು ಸ್ಪರ್ಧೆಗೂ ಒಂದೇ ಸ್ಕೀ ಸಾಕಿತ್ತೇ?

ಹಿಮದಾರಿ:
ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ತನ್ನ ಮೊದಲ ಸ್ಕೀಯಿಂಗ್ ಚಾಂಪಿಯನ್‌ಶಿಪ್ ನಡೆಸಿದ್ದು 1954ರಲ್ಲಿ, ನೆವಾಡಾದ ರೀನೋ ಬಳಿ. ಡೌನ್‌ಹಿಲ್ (ಇಳಿಜಾರಿನ ವೇಗದ ಓಟ), ಸ್ಲಾಲಮ್ (ಕಂಬಗಳ ನಡುವೆ ತಿರುಗುತ್ತಾ ಇಳಿಯುವುದು), ಕ್ರಾಸ್‌ಕಂಟ್ರಿ (ಏರು ತಗ್ಗಿನ ಹಾದಿಯ ದೂರದ ಓಟ), ಜಂಪಿಂಗ್ (ದಿಬ್ಬದಿಂದ ಹಾರುವುದು) ನಾಲ್ಕೂ ಸೇರಿ ತಂಡದ ಪ್ರಶಸ್ತಿ. ನಾಲ್ಕರಲ್ಲೂ ಒಟ್ಟಾರೆ ಮುಂದಿದ್ದವನಿಗೆ ‘ಸ್ಕೀಮೈಸ್ಟರ್’ ಬಿರುದು. ಇಷ್ಟಕ್ಕೂ ಒಂದೇ ಜೊತೆ ಸ್ಕೀ ಸಾಕಾಗುತ್ತಿತ್ತೇ? ಮೇಣ ಹೇಗೆ ಹಚ್ಚುತ್ತಿದ್ದರು? ಡೆನ್ವರ್ ವಿಶ್ವವಿದ್ಯಾಲಯ 1954ರಿಂದ 1957ರವರೆಗೆ ಬಿಡದೆ ಗೆದ್ದದ್ದು ಹೇಗೆ?

ಮರದಸ್ಕೀ:
ಸಾಕಾಗುತ್ತಿರಲಿಲ್ಲ, ಕನಿಷ್ಠ ಮೂರು ಬಗೆ ಬೇಕು. ಡೌನ್‌ಹಿಲ್, ಸ್ಲಾಲಮ್‌ಗೆ ಅಂಚಿನಲ್ಲಿ ಉಕ್ಕಿನ ಪಟ್ಟಿ ಇರುವ ಸ್ಕೀ. ಆ ಪಟ್ಟಿ ಆಗ ತುಂಡುತುಂಡಾಗಿ ಬರುತ್ತಿತ್ತು, ಒಂದೊಂದನ್ನೂ ಸ್ಕ್ರೂ ಹಾಕಿ ಕೂರಿಸಬೇಕು. ಮರ ನೀರು ಕುಡಿದು ಉಬ್ಬಿದರೆ ಸ್ಕ್ರೂ ಸಡಿಲವಾಗುತ್ತದೆ, ಎದ್ದ ತುಂಡಿನ ತುದಿ ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಓಟಕ್ಕೆ ಮುಂಚೆ ಬೆರಳಿನಿಂದ ಅಂಚು ಸವರಿ ನೋಡುವುದು ಕಡ್ಡಾಯ.

ಜಂಪಿಂಗ್ ಸ್ಕೀ ಸುಮಾರು 2.4 ಮೀಟರ್ ಉದ್ದ, ಅಗಲ, ಭಾರ. ತಳದಲ್ಲಿ ಉದ್ದಕ್ಕೂ ಕೊರೆದ ಮೂರು ಗೀರು, ಇಳಿಜಾರಿನ ಹಳಿಯಲ್ಲಿ ನೇರ ಹೋಗಲಿ ಎಂದು. ಕ್ರಾಸ್‌ಕಂಟ್ರಿಯದು ಇದಕ್ಕೆ ತದ್ವಿರುದ್ಧ: ಕಿರಿದು, ಹಗುರ, ಉಕ್ಕಿನ ಅಂಚೇ ಇಲ್ಲ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನಲ್ಲೂ ಅದೇ ಕಥೆ. ಇಳಿಜಾರಿನ ಓಟಕ್ಕೆ ಹಿಮ್ಮಡಿ ಬಿಗಿದಿರಬೇಕು, ಕ್ರಾಸ್‌ಕಂಟ್ರಿಗೂ ಜಂಪಿಂಗ್‌ಗೂ ಹಿಮ್ಮಡಿ ಏಳಬೇಕು. ಬೂಟನ್ನು ಉದ್ದನೆಯ ತೊಗಲು ಪಟ್ಟಿಯಿಂದ ಸುತ್ತಿ ಕಟ್ಟಿದವನು ಬಿದ್ದರೆ ಸ್ಕೀ ಕಳಚುವುದಿಲ್ಲ. ಕಾಲು ಮುರಿಯುತ್ತಿದ್ದದ್ದು ಅದಕ್ಕೇ.

ಮೇಣ_ಕಾರ್ಕ್:
ಕ್ರಾಸ್‌ಕಂಟ್ರಿಯಲ್ಲಿ ಅರ್ಧ ಓಟ ಮೇಣದಲ್ಲೇ ತೀರ್ಮಾನ ಆಗುತ್ತದೆ. ಮರದ ಸ್ಕೀಗೆ ಮೊದಲು ಪೈನ್ ಟಾರ್, ಅಂದರೆ ಪೈನ್ ಮರದಿಂದ ತೆಗೆದ ಕಪ್ಪು ಡಾಂಬರು. ತೆಳ್ಳಗೆ ಬಳಿದು, ಬ್ಲೋಟಾರ್ಚ್ ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಹೋಗಬೇಕು. ಟಾರ್ ನೊರೆನೊರೆಯಾಗಿ ಕುದಿದ ಕೂಡಲೇ ಬಟ್ಟೆಯಿಂದ ಒರೆಸಿಬಿಡಿ. ಮುಟ್ಟಿದರೆ ಒಣಗಿರಬೇಕು, ಅಂಟಬಾರದು. ಜ್ವಾಲೆ ನಿಂತಲ್ಲಿ ಮರ ಕರಕಲಾಗುತ್ತದೆ, ಅಲ್ಲಿ ಮೇಣ ಹಿಡಿಯುವುದಿಲ್ಲ.

ಆಮೇಲೆ ಕಾಲು ಹಿಂದಕ್ಕೆ ಜಾರದಂತೆ ಹಿಡಿತ ಕೊಡುವ ಮೇಣ, ಬಣ್ಣದ ಪ್ರಕಾರ: ಕಡು ಚಳಿಯ ಒಣ ಹಿಮಕ್ಕೆ ಹಸಿರು, ಸೊನ್ನೆಗಿಂತ ಸ್ವಲ್ಪ ಕೆಳಗಿದ್ದರೆ ನೀಲಿ, ಒದ್ದೆ ಹಿಮಕ್ಕೆ ಕೆಂಪು. ದಪ್ಪಗೆ ಮೆತ್ತಬೇಡಿ. ಮೂರು ನಾಲ್ಕು ತೆಳು ಪದರ ಹಚ್ಚಿ, ಪ್ರತಿ ಪದರವನ್ನೂ ಕಾರ್ಕ್‌ನಿಂದ ಉಜ್ಜಿ ನಯ ಮಾಡಿ. ಗಟ್ಟಿ ಮೇಣದ ಮೇಲೆ ಮೆತ್ತನೆಯದು ಕೂರುತ್ತದೆ, ಮೆತ್ತನೆಯದರ ಮೇಲೆ ಗಟ್ಟಿಯದು ಕೂರುವುದಿಲ್ಲ. ಹಾಗಾಗಿ ಅನುಮಾನ ಇದ್ದರೆ ಗಟ್ಟಿಯದರಿಂದಲೇ ಶುರು ಮಾಡಿ. ಕಾಲು ಹಿಂದಕ್ಕೆ ಜಾರಿದರೆ ಮೇಣ ತೀರಾ ಗಟ್ಟಿ. ತಳಕ್ಕೆ ಹಿಮ ಗಡ್ಡೆ ಕಟ್ಟಿದರೆ ತೀರಾ ಮೆತ್ತಗೆ.

ಹಿಮದಾರಿ:
ಹಿಂದಿನ ದಿನ ಕರಗಿ ರಾತ್ರಿ ಹೆಪ್ಪುಗಟ್ಟಿದ್ದರೆ?

ಮೇಣ_ಕಾರ್ಕ್:
ಆಗ ಕ್ಲಿಸ್ಟರ್. ಟ್ಯೂಬಿನಲ್ಲಿ ಬರುವ ಅಂಟು, ಜೇನುತುಪ್ಪದಂತೆ ಎಳೆ ಬರುತ್ತದೆ. ಟ್ಯೂಬನ್ನು ಬೆಚ್ಚಗೆ ಮಾಡಿ, ಪಾದದ ಕೆಳಗಿನ ಭಾಗಕ್ಕೆ ತೆಳುವಾಗಿ ಎಳೆದು, ಹೊರಗೆ ಆರಲು ಬಿಟ್ಟು ಹಾದಿಗೆ ಇಳಿಯಬೇಕು. ಅದರ ಮೇಲೆ ಹೊಸ ಹಿಮ ಬಿತ್ತೋ, ಮುಗಿಯಿತು: ಹೆಜ್ಜೆಹೆಜ್ಜೆಗೂ ಗಡ್ಡೆ. ಅದಕ್ಕೇ ಹಾದಿಯ ನೆರಳಿನ ಭಾಗ, ಬಿಸಿಲಿನ ಭಾಗ ಎರಡನ್ನೂ ಬೆಳಿಗ್ಗೆಯೇ ನೋಡಿ ಬರಬೇಕು.

ಎರಡನೇ_ರನ್:
ಡೆನ್ವರ್ ವಿಷಯಕ್ಕೆ ಬರುತ್ತೇನೆ. ಯಾವುದೋ ಒಂದು ಸ್ಪರ್ಧೆಯಿಂದ ಬಂದ ಗೆಲುವು ಅದಲ್ಲ, ನಾಲ್ಕರಲ್ಲೂ ತೂತಿಲ್ಲದ ತಂಡ ಅದು. ಕೋಚ್ ವಿಲ್ಲಿ ಶೆಫ್ಲರ್ ಹಿಮ ಬೀಳುವ ಮುಂಚೆಯೇ ಹುಡುಗರನ್ನು ಕಠಿಣವಾಗಿ ಓಡಿಸಿ ಹದಗೊಳಿಸುತ್ತಿದ್ದರು. ಜಂಪಿಂಗ್, ಕ್ರಾಸ್‌ಕಂಟ್ರಿಗೆ ನಾರ್ವೆಯ ವಿದ್ಯಾರ್ಥಿಗಳ ಬಲವೂ ಇತ್ತು. 1956 ಒಳ್ಳೆಯ ಉದಾಹರಣೆ. ಎದುರಾಳಿ ಡಾರ್ಟ್‌ಮೌತ್ ಕಾಲೇಜಿನ ವಿದ್ಯಾರ್ಥಿ, ಜಪಾನಿನ ಚಿಹಾರು ಇಗಾಯಾ ಆ ಚಳಿಗಾಲ ಇಟಲಿಯ ಕೊರ್ಟಿನಾ ಒಲಿಂಪಿಕ್ಸ್ ಸ್ಲಾಲಮ್‌ನಲ್ಲಿ ಆಸ್ಟ್ರಿಯಾದ ಟೋನಿ ಸೈಲರ್ ನಂತರ ಬೆಳ್ಳಿ ಗೆದ್ದರು. ಆದರೂ ಕೊಲೊರಾಡೋದ ವಿಂಟರ್ ಪಾರ್ಕ್‌ನಲ್ಲಿ ಕಾಲೇಜು ಪ್ರಶಸ್ತಿ ಹೋದದ್ದು ಡೆನ್ವರ್‌ಗೇ. ಜಾಗ ಇರುವುದೇ 2,700 ಮೀಟರ್ ಎತ್ತರದಲ್ಲಿ. ಪೂರ್ವದ ತಗ್ಗುನಾಡಿನಿಂದ ಬಂದವರಿಗೆ ಅಲ್ಲಿ ಕ್ರಾಸ್‌ಕಂಟ್ರಿ ಏರು ಹತ್ತುವಾಗ ಉಸಿರೇ ಸಾಲದು.

ಇನ್ನೊಂದು ಮಾತು. ಸ್ಲಾಲಮ್‌ನಲ್ಲಿ ಎರಡು ರನ್‌ಗಳ ಸಮಯ ಕೂಡಿಸುತ್ತಾರೆ, ಎರಡೂ ಕಾಲು ಪ್ರತಿ ಗೇಟ್ (ಎರಡು ಕಂಬಗಳ ನಡುವಿನ ದಾರಿ) ದಾಟಲೇಬೇಕು. ಒಂದು ಸ್ಕೀಯ ಮೂತಿ ಕಂಬದ ಆಚೆ ಹೋದರೆ ಅವನ ಓಟ ಅಲ್ಲಿಗೆ ಮುಗಿಯಿತು. ಅಂಕಕ್ಕೆ ಬರುವ ಹುಡುಗರು ಹೀಗೆ ಒಬ್ಬೊಬ್ಬರೇ ಉದುರಿದರೆ ಜಂಪಿಂಗ್‌ನಲ್ಲಿ ಎಷ್ಟೇ ದೂರ ಹಾರಿದರೂ ತುಂಬಿಸುವುದು ಕಷ್ಟ. ಆದ್ದರಿಂದ ತಂಡದ ಮೊದಲ ಸವಾರನಿಗೆ ವೇಗಕ್ಕಿಂತ ಬೀಳದೆ ಕೆಳಗೆ ತಲುಪುವುದೇ ಮುಖ್ಯ, ಹಿಂದಿನವರು ಅದರ ಬಲದ ಮೇಲೆ ಸಾಹಸ ಮಾಡಬಹುದು.

ಡೆನ್ವರ್ ಸರಣಿ ಮುರಿದದ್ದು 1958ರಲ್ಲಿ, ಡಾರ್ಟ್‌ಮೌತ್ ತನ್ನದೇ ನೆಲದಲ್ಲಿ ಗೆದ್ದಾಗ.