ಘಟ್ಟದಲ್ಲಿ ಚಾರಣ ಬಳಗದ ವಾರ್ಷಿಕ ಕೂಟ: ಯಾಣವೋ, ಬೇರೆ ಜಾಗವೋ?

ಕೇಳಿದವರು, ಹುಬ್ಬಳ್ಳಿಯಿಂದ:

ನಮ್ಮದು ಹಳೆಯ ಚಾರಣ ಬಳಗ. ಒಂದು ಕಾಲಕ್ಕೆ ಭಾನುವಾರ ಬಂತೆಂದರೆ ಬೆನ್ನಿಗೆ ಚೀಲ ಏರಿಸುತ್ತಿದ್ದವರು ಈಗ ಬೆಂಗಳೂರು, ಪುಣೆ, ಮಂಗಳೂರು ಎಂದು ಚದುರಿದ್ದೇವೆ. ವರ್ಷಕ್ಕೊಮ್ಮೆ ಬೆಟ್ಟದಲ್ಲಿ ಸೇರುವ ಪದ್ಧತಿಯನ್ನು ಮಾತ್ರ ಬಿಟ್ಟಿಲ್ಲ. ಈ ಸಲ ಉತ್ತರ ಕನ್ನಡದಲ್ಲಿ ಎರಡು ರಾತ್ರಿ ಕಳೆಯುವುದೆಂದಾಗಿದೆ. ಸುಮಾರು ನಲವತ್ತು ಜನ. ಎಪ್ಪತ್ತು ದಾಟಿದವರೂ ಇದ್ದಾರೆ, ಮೊಮ್ಮಕ್ಕಳೂ ಬರುತ್ತಾರೆ. ಡಿಸೆಂಬರ್ ಕೊನೆಯ ರಜೆಯಲ್ಲಿ ಯಾಣ ಎಂದುಕೊಂಡಿದ್ದೇವೆ. ಇಂಥ ಕೂಟ ನಡೆಸಿದವರು, ಆ ಕಡೆಯವರು ಸಲಹೆ ಕೊಡಿ.

ಶಿರಸಿ ಸಮೀಪ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುವವರು:

ಮೊದಲು ತಾರೀಕು ಬದಲಿಸಿ, ಜಾಗದ ಮಾತು ಆಮೇಲೆ. ಡಿಸೆಂಬರ್ ಕೊನೆಯೆಂದರೆ ನಮ್ಮಲ್ಲಿ ಅಡಿಕೆಯ ಕೊನೆ, ಅಂದರೆ ಗೊನೆ, ಕೊಯ್ಯುವ ಹೊತ್ತು. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಯಾವ ದಿನ ಬಿಡುವು ಮಾಡಿಕೊಂಡು ಬರುತ್ತಾನೋ ಆ ದಿನವೇ ಕೊಯ್ಲು. ಅವನಿಗೆ ನಾಳೆ ಬಾ ಎನ್ನುವ ಧೈರ್ಯ ಯಾವ ತೋಟದವನಿಗೂ ಇಲ್ಲ. ಹಗಲು ಮನೆಮಂದಿಯೆಲ್ಲ ತೋಟದಲ್ಲಿ, ರಾತ್ರಿ ಜಗಲಿ ತುಂಬ ಅಡಿಕೆ ಸುಲಿಯುವವರು, ಅಂಗಳದ ತುಂಬ ಹರವಿದ ಅಡಿಕೆ. ನಿಮ್ಮ ಬಳಗ ಒಟ್ಟಿಗೆ ಕೂರಬೇಕಾದ ಜಾಗದಲ್ಲೇ ನಮ್ಮ ವರ್ಷದ ಗಳಿಕೆ ಒಣಗುತ್ತಿರುತ್ತದೆ. ಒಪ್ಪಿಕೊಳ್ಳುವ ಮನೆಗಳು ಸಿಗುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಉಪಚಾರ ಅರೆಮನಸ್ಸಿನದಾಗುತ್ತದೆ, ಅದಕ್ಕೆ ಅವರನ್ನು ದೂರುವಂತಿಲ್ಲ.

ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ನೋಡಿ. ದೀಪಾವಳಿಯ ದಿನಗಳನ್ನು ಬಿಡಿ. ಗೋಪೂಜೆಯ ದಿನ ನಲವತ್ತು ಜನರ ಅಡುಗೆ ಯಾರಿಂದಲೂ ಆಗದು. ಹೊಳೆ ತುಂಬಿರುತ್ತದೆ, ಕಾಡು ಹಸಿರಾಗಿರುತ್ತದೆ, ಉಂಬಳ (ಜಿಗಣೆ) ಕಡಿಮೆಯಾಗಿರುತ್ತದೆ. ಚಿತ್ತೆ, ಸ್ವಾತಿ ಮಳೆಗಳು ಮಧ್ಯಾಹ್ನದ ಮೇಲೆ ಗುಡುಗು ಮಿಂಚಿನೊಂದಿಗೆ ಬರುವುದುಂಟು. ಆದ್ದರಿಂದ ನಡಿಗೆ ಬೆಳಗಿನ ಹೊತ್ತಿನಲ್ಲೇ ಮುಗಿಯಬೇಕು. ಆಲೆಮನೆಯ ಆಸೆಗೆ ಫೆಬ್ರವರಿ, ಮಾರ್ಚ್ ಆರಿಸುವುದಾದರೆ ಶಿರಸಿಯ ಮಾರಿಕಾಂಬಾ ಜಾತ್ರೆ ಇದೆಯೇ ನೋಡಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಬರುತ್ತದೆ, 2022 ಮತ್ತು 2024ರಲ್ಲಿ ಮಾರ್ಚ್‌ನಲ್ಲಿ ನಡೆದಿತ್ತು. ಆ ವಾರ ಪೇಟೆಯಲ್ಲಿ ಒಂದು ಕೋಣೆಯೂ ಸಿಗುವುದಿಲ್ಲ.

ಮನೆ ಗೊತ್ತು ಮಾಡುವಾಗ ಎಲ್ಲರೂ ಕೋಣೆ ಎಷ್ಟು ಎಂದು ಕೇಳುತ್ತಾರೆ. ನೀವು ಶೌಚಾಲಯ ಎಷ್ಟು ಎಂದು ಕೇಳಿ. ಮಲಗುವುದಕ್ಕೆ ಮೆತ್ತಿನ (ಮಹಡಿಯ) ಮೇಲೆ ಸಾಲಾಗಿ ಚಾಪೆ ಹಾಸಿದರೂ ನಡೆಯುತ್ತದೆ. ಬೆಳಿಗ್ಗೆ ಆರಕ್ಕೆ ಬಚ್ಚಲ ಮುಂದೆ ಸಾಲು ನಿಂತರೆ ಒಂಬತ್ತಕ್ಕೆ ಮುಂಚೆ ಯಾರೂ ಹೊರಡುವುದಿಲ್ಲ. ಒಂದೇ ಮನೆಯಲ್ಲಿ ಎಲ್ಲರನ್ನೂ ತುಂಬುವ ಬದಲು ಅಕ್ಕಪಕ್ಕದ ಎರಡು ಮೂರು ಮನೆಗಳಲ್ಲಿ ಮಲಗಿ, ಊಟಕ್ಕೆ ಒಂದೆಡೆ ಸೇರುವುದು ಲೇಸು.

ತಿಂಡಿಗೆ ತೆಳ್ಳೇವು (ತೆಳು ದೋಸೆ) ಬೇಕೆಂದು ಹಟ ಮಾಡಬೇಡಿ. ಅದು ಕಾವಲಿಯಿಂದ ಒಂದೊಂದಾಗಿ ಎದ್ದು ಬಿಸಿಯಾಗಿಯೇ ಎಲೆಗೆ ಬೀಳಬೇಕು; ನಲವತ್ತು ಜನಕ್ಕೆ ಎರೆಯುವಷ್ಟರಲ್ಲಿ ಮೊದಲು ತಿಂದವರಿಗೆ ಮತ್ತೆ ಹಸಿವಾಗಿರುತ್ತದೆ. ಮೊದಲ ದಿನ ಅವಲಕ್ಕಿ, ಎರಡನೆಯ ದಿನ ಇಡ್ಲಿ ಸಾಕು. ಮಧ್ಯಾಹ್ನದ ಊಟದಲ್ಲಿ ಒಂದೆಲಗದ ತಂಬುಳಿ, ಅಪ್ಪೆಹುಳಿ ಕೇಳಿ ಹಾಕಿಸಿಕೊಳ್ಳಿ. ನಡೆದು ಬಂದವರಿಗೆ ತಂಪು, ಮಾಡುವವರಿಗೆ ಹಗುರ.

ಸಿದ್ದಾಪುರ ತಾಲ್ಲೂಕಿನಿಂದ, ಆರೋಗ್ಯ ಇಲಾಖೆಯಿಂದ ನಿವೃತ್ತರು:

ತಾರೀಕಿನ ವಿಷಯದಲ್ಲಿ ಮೇಲಿನವರು ಹೇಳಿದ್ದಕ್ಕೆ ನನ್ನ ಕಡೆಯಿಂದ ಇನ್ನೊಂದು ಕಾರಣ ಸೇರಿಸಿಕೊಳ್ಳಿ. ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ನಮ್ಮ ಕಡೆ ಇನ್ನೂ ಇದೆ. 2024ರ ಆರಂಭದಲ್ಲಿ ನಮ್ಮ ತಾಲ್ಲೂಕಿನಲ್ಲಿ ಸಾವೂ ಆಯಿತು. ಹರಡುವುದು ರಕ್ತ ಹೀರುವ ಕಾಡಿನ ಉಣ್ಣೆಯಿಂದ (ಉಣುಗು). ಮಳೆ ನಿಂತು ತರಗೆಲೆ ಒಣಗಿದ ಮೇಲೆ ಎಳ್ಳುಕಾಳಿಗಿಂತ ಚಿಕ್ಕದಾದ ಮರಿ ಉಣ್ಣೆಗಳು ನೆಲಮಟ್ಟದಲ್ಲಿ ಹೆಚ್ಚುತ್ತವೆ. ಕಾಯಿಲೆಯ ಭರ ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್‌ವರೆಗೆ, ಶುರುವಾಗುವುದು ಡಿಸೆಂಬರ್‌ನಲ್ಲೇ.

ಹೆದರಿಸಲು ಹೇಳುತ್ತಿಲ್ಲ. ಕಾಡಿನಲ್ಲಿ ದಿನಾ ಓಡಾಡುವ ನಾವು ಬದುಕಿಯೇ ಇದ್ದೇವೆ. ಆದರೆ ಚಾರಣದವರಿಗೆ ಒಂದು ಅಭ್ಯಾಸವಿದೆ, ದಣಿವಾದ ಕೂಡಲೇ ಮರದ ಬುಡದ ತರಗೆಲೆಯ ಮೇಲೆ ಕಾಲು ಚಾಚಿ ಕೂರುವುದು. ಅದೊಂದನ್ನು ಬಿಡಿ. ಬಂಡೆಯ ಮೇಲೆ ಕೂರಿ, ಇಲ್ಲವೇ ನಿಂತೇ ನೀರು ಕುಡಿಯಿರಿ. ಪೂರ್ತಿ ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಹೊರಡುವ ಮುನ್ನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಆ ಸುತ್ತಿನಲ್ಲಿ ಮಂಗ ಸತ್ತ ವರದಿ ಇದೆಯೇ ಎಂದು ಕೇಳಿ. ಇದ್ದರೆ ಆ ದಾರಿ ಬೇಡ. ಉಣ್ಣೆ ಹತ್ತದಂತೆ ಮೈಗೆ ಹಚ್ಚುವ ಡೇಪಾ ತೈಲ ಸಿಗುವುದೇ ಎಂದೂ ಅಲ್ಲೇ ವಿಚಾರಿಸಿ. ಸಂಜೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ ನೋಡಿ. ಊರಿಗೆ ಮರಳಿದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು, ಸೊಂಟನೋವು ಬಂದರೆ ವೈದ್ಯರಿಗೆ ಘಟ್ಟಕ್ಕೆ ಹೋಗಿದ್ದೆವು ಎಂದು ನೀವೇ ಹೇಳಬೇಕು. ಪುಣೆಯ ವೈದ್ಯರಿಗೆ ಅದು ತಾನಾಗಿ ಹೊಳೆಯುವುದಿಲ್ಲ.

ಇನ್ನೊಂದು: ಒಂದು ಗಾಡಿ ಚಾಲಕನ ಸಮೇತ ಸದಾ ಮನೆಯ ಮುಂದೆ ನಿಂತಿರಲಿ. ತಾಲ್ಲೂಕು ಆಸ್ಪತ್ರೆಯ ಚಿಕಿತ್ಸೆಗೆ ಮೀರಿದ್ದಕ್ಕೆಲ್ಲ ಈ ಜಿಲ್ಲೆಯವರು ಹುಬ್ಬಳ್ಳಿ, ಮಣಿಪಾಲ ಅಥವಾ ಗೋವಾಕ್ಕೇ ಓಡಬೇಕು. ದೊಡ್ಡ ಆಸ್ಪತ್ರೆ ಬೇಕೆಂದು ಎಷ್ಟು ಹೋರಾಟ ಮಾಡಿದ್ದೇವೆ ಎಂಬುದು ಬೇರೆಯೇ ಕಥೆ.

ಧಾರವಾಡದಿಂದ, ಇಂಥದೇ ಬಳಗದ ಖಜಾಂಚಿ:

ನಮ್ಮ ಕೂಟ ಯಾಣದಲ್ಲೇ ನಡೆದಿತ್ತು. ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ ಎಂಬ ಗಾದೆ ಈಗ ಅರ್ಧ ಸುಳ್ಳಾಗಿದೆ, ಏಕೆಂದರೆ ಗಾಡಿ ಬಹಳ ಹತ್ತಿರದವರೆಗೆ ಹೋಗುತ್ತದೆ. ನಿಲುಗಡೆಯಿಂದ ಕಾಡಿನೊಳಗೆ ನಡಿಗೆ, ಕೊನೆಯಲ್ಲಿ ಮೆಟ್ಟಿಲು. ಎಪ್ಪತ್ತರವರು ನಿಧಾನವಾಗಿ ತಲುಪಬಲ್ಲರು. ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಮರಗಳ ಸಂದಿಯಿಂದ ಒಮ್ಮೆಲೇ ಎದುರಾದಾಗ ನಮ್ಮಲ್ಲಿ ಅತಿ ಹೆಚ್ಚು ಮಾತನಾಡುವವರೂ ಸುಮ್ಮನಾದರು, ಅದೊಂದು ದಾಖಲೆ. ಬಂಡೆಯ ಸೀಳಿನೊಳಗೆ ಬರಿಗಾಲಲ್ಲಿ ಸುತ್ತು ಬರುವಾಗ ನೆಲ ಒದ್ದೆಯಿರುತ್ತದೆ. ಹಿರಿಯರಿಗೆ ಅಕ್ಕಪಕ್ಕ ಒಬ್ಬೊಬ್ಬರು ಬೇಕು. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹೊಗೆ, ಸುಗಂಧದ್ರವ್ಯ, ಕೂಗಾಟ ಮೂರೂ ಬೇಡ. ನಮ್ಮವರೊಬ್ಬರು ಹಾಡಲು ಗಂಟಲು ಸರಿಮಾಡಿಕೊಂಡಾಗ ಮೇಲೆ ಬೆರಳು ತೋರಿಸಿ ಕೂರಿಸಿದೆವು.

ಈಗ ಯಾರೂ ಹೇಳದ ವಿಷಯ: ಬೂಟು. ಕೂಟಕ್ಕೆ ಬರುವ ಹಳಬರೆಲ್ಲ ವರ್ಷಗಟ್ಟಲೆ ಅಟ್ಟದಲ್ಲಿಟ್ಟಿದ್ದ ಹಳೆಯ ಚಾರಣದ ಬೂಟನ್ನು ಇಳಿಸಿ, ಒರೆಸಿ, ಹೆಮ್ಮೆಯಿಂದ ತರುತ್ತಾರೆ. ಮೇಲಿನ ಚರ್ಮ ಗಟ್ಟಿಯಾಗಿಯೇ ಇರುತ್ತದೆ. ಒಳಗಿನ ಮೆತ್ತನೆಯ ಪಾಲಿಯುರೆಥೇನ್ ಪದರ ಮಾತ್ರ ಗಾಳಿಯ ತೇವಕ್ಕೆ ಶಿಥಿಲವಾಗಿರುತ್ತದೆ. ಬಳಸದೆ ಇಟ್ಟರೆ ಹಾಳಾಗದು ಎಂದುಕೊಳ್ಳುತ್ತೇವೆ, ಇದರ ಮಟ್ಟಿಗೆ ಇಟ್ಟಷ್ಟೂ ಹಾಳು. ನಮ್ಮ ಹಿರಿಯರೊಬ್ಬರ ಬಲಗಾಲಿನ ಅಟ್ಟೆ ಮೆಟ್ಟಿಲ ಮೇಲೆ ಬಾಯಿ ತೆರೆಯಿತು. ಹತ್ತು ಹೆಜ್ಜೆಯಲ್ಲಿ ಎಡಗಾಲಿನದೂ ಅದನ್ನೇ ಮಾಡಿತು. ಒಳಗಿಂದ ಹಳದಿ ಹಿಟ್ಟಿನಂಥದ್ದು ಉದುರುತ್ತಿತ್ತು. ಜೊತೆಗೆ ಬಂದಿದ್ದ ಊರ ಹುಡುಗ ಸುತಳಿಯನ್ನು ಬೂಟಿನ ಮೇಲಿಂದ ಅಡಿಯವರೆಗೆ ಎಂಟರ ಆಕಾರದಲ್ಲಿ ಬಿಗಿದು ಅವರನ್ನು ಕೆಳಗಿಳಿಸಿದ. ಆದ್ದರಿಂದ ಹದಿನೈದು ದಿನ ಮೊದಲೇ ಎಲ್ಲರಿಗೂ ಸಂದೇಶ ಕಳಿಸಿ: ಹಳೆಯ ಬೂಟು ಹಾಕಿಕೊಂಡು ಮನೆಯ ಸುತ್ತ ಒಂದು ಗಂಟೆ ನಡೆದು ನೋಡಿ.

ತಂಡ ಒಡೆಯುವುದು ಅನಿವಾರ್ಯ, ಅದಕ್ಕೆ ಬೇಸರ ಬೇಡ. ದೂರ ನಡೆಯುವವರು ನಸುಕಿನಲ್ಲೇ ಹೊರಡಲಿ, ಉಳಿದವರು ಗಾಡಿಯಲ್ಲಿ ಬರಲಿ. ದೂರದವರ ನಡಿಗೆ ಮುಗಿಯುವ ಜಾಗದಲ್ಲೇ ಉಳಿದವರು ಊಟದ ಬುತ್ತಿಯೊಂದಿಗೆ ಕಾದಿರಬೇಕು. ಕೂಟವೆಂದರೆ ಆ ಊಟವೇ. ಎರಡು ತಂಡ ಎರಡು ಕಡೆ ಉಂಡರೆ ಅದು ಎರಡು ಪ್ರವಾಸ, ಅಷ್ಟೇ.

ಸಿದ್ಧ ದಾರಿ ಬಿಟ್ಟು ಹಳೆಯ ಕಾಲುದಾರಿ ಹಿಡಿಯುವುದಾದರೆ ವಲಯ ಅರಣ್ಯಾಧಿಕಾರಿಯ ಕಚೇರಿಯಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ಇಲಾಖೆ ಬಿಗಿಯಾಗಿದೆ, ಆನ್‌ಲೈನ್ ಕಾಯ್ದಿರಿಸುವಿಕೆ ಬಂದಿದೆ. ನಲವತ್ತು ವರ್ಷದಿಂದ ನಡೆಯುತ್ತಿದ್ದೇವೆ ಎಂಬ ಮಾತು ತಪಾಸಣಾ ಠಾಣೆಯಲ್ಲಿ ನಡೆಯುವುದಿಲ್ಲ.

ಹಣ: ಪೂರ್ತಿ ಮುಂಗಡ ಪಡೆಯಿರಿ. ಖಂಡಿತ ಬರುತ್ತೇನೆ ಎಂದವರು ಬೇರೆ, ದುಡ್ಡು ಕಳಿಸಿದವರು ಬೇರೆ. ಸನ್ಮಾನ, ಶಾಲು, ಹಾರ, ವರದಿ ವಾಚನ ಇವೆಲ್ಲವನ್ನೂ ಹುಬ್ಬಳ್ಳಿಯಲ್ಲೇ ಮುಗಿಸಿಕೊಂಡು ಬನ್ನಿ.

ಶಿರಸಿಯಿಂದ, ಶಿಕ್ಷಕರು:

ಯಾಣಕ್ಕೆ ನನ್ನ ತಕರಾರಿಲ್ಲ, ಆದರೆ ರಜೆಯಲ್ಲಿ ಅಲ್ಲಿ ಜನಜಾತ್ರೆ. ಎರಡು ರಾತ್ರಿ ಇದೆಯೆಂದರೆ ಅಘನಾಶಿನಿಯನ್ನು ಹಿಡಿದು ಇಳಿಯಿರಿ. ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಅದರ ಒಂದು ಮೂಲ. ಅಲ್ಲಿಂದ ಕಡಲವರೆಗೆ ಒಂದು ಅಣೆಕಟ್ಟೂ ಇಲ್ಲದೆ ಹರಿಯುವ ಹೊಳೆ ಅದು. ಮೊದಲ ದಿನ ಹೆಗ್ಗರಣೆಯ ಕಡೆಯ ಉಂಚಳ್ಳಿ ಜಲಪಾತ, 116 ಮೀಟರ್. ವೀಕ್ಷಣೆಯ ಕಟ್ಟೆಯವರೆಗೆ ಮೆಟ್ಟಿಲಿದೆ, ಮಂಡಿನೋವಿನವರು ಅರ್ಧಕ್ಕೆ ನಿಂತರೂ ಸದ್ದು ಕೇಳುತ್ತದೆ. ಬುಡಕ್ಕೆ ಇಳಿಯುವ ಸಾಹಸ ಬೇಡ. 2011ರಿಂದ ಆ ಕಾಡು ಸಿಂಗಳೀಕಗಳ ಸಂರಕ್ಷಿತ ಪ್ರದೇಶ, ಧ್ವನಿವರ್ಧಕದ ಪೆಟ್ಟಿಗೆ ಗಾಡಿಯಲ್ಲೇ ಇರಲಿ.

ಆ ರಾತ್ರಿ ಘಟ್ಟದ ಮೇಲೆ ತಂಗಿ, ಮರುದಿನ ದೇವಿಮನೆ ಘಟ್ಟ ಇಳಿದು ಕುಮಟಾ. ಗಟ್ಟಿಗರು ಕಡ್ಲೆ, ಬಾಡ ಊರುಗಳ ಮೇಲೆ ಕಡಲಂಚಿನಲ್ಲಿ ಅಘನಾಶಿನಿ ಊರಿಗೆ ನಡೆಯಲಿ. ದೋಣಿಯಲ್ಲಿ ಹೊಳೆ ದಾಟಿದರೆ ತದಡಿ, ಅಲ್ಲಿಂದ ಬೆಲೇಕಾನ. ಉಳಿದವರು ನೇರ ತದಡಿಗೆ ಬಂದು ದೋಣಿ ಬರುವುದನ್ನು ನೋಡುತ್ತ ಕೂರಲಿ. ಆ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಇಳಿತದ ಹೊತ್ತಿಗೆ ಹೋದರೆ ಸೊಂಟದವರೆಗೆ ನೀರಿನಲ್ಲಿ ನಿಂತು ಬೆಳಚು (ಚಿಪ್ಪುಮೀನು) ಆರಿಸುವವರನ್ನು ನೋಡಬಹುದು. ಘಟ್ಟದ ರಸ್ತೆಯ ಸ್ಥಿತಿಯನ್ನು ಹಿಂದಿನ ದಿನವೇ ವಿಚಾರಿಸಿ. ಅಗಲೀಕರಣ, ಕುಸಿತ ಎಂದು ಸಂಚಾರ ನಿಲ್ಲಿಸಿದ್ದುಂಟು.

ಕೇಳಿದವರು:

ಎಲ್ಲರಿಗೂ ಧನ್ಯವಾದ. ತಾರೀಕನ್ನು ನವೆಂಬರ್ ಎರಡನೆಯ ವಾರಕ್ಕೆ ತಂದಿದ್ದೇವೆ. ಜಾಗ ಇನ್ನೂ ಚರ್ಚೆಯಲ್ಲಿದೆ, ಯಾಣದವರು, ಹೊಳೆಯವರು ಎಂದು ಎರಡು ಪಕ್ಷಗಳಾಗಿವೆ. ನಡುವೆ ಹೊಸ ತಗಾದೆ: ಮಂಗಳೂರಿನವರು ಮೀನಿಲ್ಲದೆ ಎರಡು ದಿನ ಹೇಗೆ ಎನ್ನುತ್ತಿದ್ದಾರೆ. ಬೆಂಗಳೂರಿನವರು ರೈಲು ಕೇಳುತ್ತಿದ್ದಾರೆ.

ಕುಮಟಾದಿಂದ ಒಬ್ಬರು:

ತೋಟದ ಮನೆಗಳಲ್ಲಿ ಮೀನಿನ ಮಾತು ಎತ್ತಲೇಬೇಡಿ. ಹೆಚ್ಚಿನ ಕಡೆ ಸಸ್ಯಾಹಾರವೇ ಕಟ್ಟುನಿಟ್ಟು, ಒಣಮೀನನ್ನು ಚೀಲದಲ್ಲಿ ಅಡಗಿಸಿ ತಂದರೂ ವಾಸನೆ ಹೇಳಿಬಿಡುತ್ತದೆ. ಶಿಕ್ಷಕರ ಯೋಜನೆಯೇ ಇದಕ್ಕೂ ಪರಿಹಾರ. ಒಂದು ರಾತ್ರಿ ಮೇಲೆ ತಂಬುಳಿ, ಮರುದಿನ ಕೆಳಗೆ ಬಂಗಡೆ. ತದಡಿಯಲ್ಲಿ ಮೀನುಗಾರಿಕೆ ಬಂದರೇ ಇದೆ. ಮಧ್ಯಾಹ್ನದ ಊಟಕ್ಕೆ ಹಿಂದಿನ ಸಂಜೆಯೇ ತಲೆ ಎಣಿಸಿ ಹೇಳಿ, ನಲವತ್ತು ಜನ ಏಕಾಏಕಿ ನುಗ್ಗಿದರೆ ಸಣ್ಣ ಖಾನಾವಳಿಯವರು ಏನು ಮಾಡಬೇಕು? ಸಸ್ಯಾಹಾರಿಗಳಿಗೆ ಬೇರೆ ಪಾತ್ರೆ ಇರುವ ಜಾಗವೇ ಎಂದು ಮೊದಲೇ ಕೇಳಿಕೊಳ್ಳಿ, ಜಗಳ ಹುಟ್ಟುವುದೇ ಅಲ್ಲಿ.

ಶಿರಸಿಗೆ ರೈಲಿಲ್ಲ. ಬೆಂಗಳೂರಿನವರು ತಾಳಗುಪ್ಪಕ್ಕೆ ಬಂದು ಅಲ್ಲಿಂದ ಗಾಡಿ ಮಾಡಿಕೊಂಡು ಸಿದ್ದಾಪುರದ ಮೇಲೆ ಬರಲಿ. ಮರಳುವಾಗ ಕುಮಟಾ ಅಥವಾ ಗೋಕರ್ಣ ರೋಡ್‌ನಲ್ಲಿ ರಾತ್ರಿಯ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಮನೆ. ಟಿಕೆಟ್ ಬೇಗ ಮಾಡಿಸಲಿ, ವಾರಾಂತ್ಯಕ್ಕೆ ಗೋಕರ್ಣದವರೆಲ್ಲ ಅದರಲ್ಲೇ ಹೋಗುತ್ತಾರೆ.