ಮುಂಬೈಯಲ್ಲಿ ಒಳ್ಳೆ ಬರ್ಗರ್ ಎಲ್ಲಿ? ತಿಂದವರು ಹೇಳಿ

ಮುಲುಂಡ್‌ನಿಂದ ಕೇಳುತ್ತಿದ್ದೇನೆ:

ಅಕ್ಕನ ಮಗ ಹ್ಯೂಸ್ಟನ್‌ನಿಂದ ಹನ್ನೆರಡು ದಿನಕ್ಕೆ ಬರುತ್ತಿದ್ದಾನೆ. ಹತ್ತೊಂಬತ್ತು ವರ್ಷ. ಕಳೆದ ಸಲ ಬಂದಾಗ ರೇಟಿಂಗ್ ನಂಬಿ ಒಂದು ಕಡೆ ಕರಕೊಂಡು ಹೋಗಿದ್ದೆ. ಒಂದು ಬರ್ಗರ್‌ಗೆ 480 ರೂಪಾಯಿ. ಬನ್ ಎತ್ತಿ ನೋಡಿದರೆ ಪ್ಯಾಟಿ (ಒಳಗಿನ ಮಾಂಸದ ಬಿಲ್ಲೆ) ನಡುವೆ ಇನ್ನೂ ತಣ್ಣಗಿತ್ತು, ಅದನ್ನು ಮುಚ್ಚೋಕೆ ಅನ್ನೋ ಹಾಗೆ ಮೇಲೆ ಕೆಚಪ್ ಸುರಿದಿದ್ದರು. ಹುಡುಗ ಏನೂ ಅನ್ನಲಿಲ್ಲ, ಫ್ರೈಸ್ ಮಾತ್ರ ತಿಂದು ಎದ್ದ. ಬೈದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ.

ನಾನು ಸಸ್ಯಾಹಾರಿ, ಹಾಗಾಗಿ ನನ್ನ ನಾಲಿಗೆಯನ್ನು ನಂಬೋ ಹಾಗಿಲ್ಲ. ನಮ್ಮ ಯಜಮಾನರು ಹೊರಗೆ ಎಲ್ಲಾ ತಿನ್ನುತ್ತಾರೆ, ಆದರೆ ಅವರಿಗೆ ಎಲ್ಲವೂ "ಚೆನ್ನಾಗಿದೆ". ನೀವು ನಿಜವಾಗಿ ತಿಂದು ಮತ್ತೆ ಹೋದ ಜಾಗ ಹೇಳಿ. ದೂರ ಆದರೂ ಪರವಾಗಿಲ್ಲ. ಆಮೇಲೆ ಇನ್ನೊಂದು. ಹ್ಯಾಂಬರ್ಗರ್ ಅಂದರೆ ಹಂದಿ ಮಾಂಸವಾ ಅಂತ ನಮ್ಮ ಅತ್ತೆ ಮೂರು ಸಲ ಕೇಳಿದರು. ಏನು ಹೇಳಲಿ?

ಬಾಂದ್ರಾದಲ್ಲಿ ಕೆಲಸ, ಊರು ಮಂಗಳೂರು:

ಮೊದಲು ನಿಮ್ಮ ಅತ್ತೆಯವರಿಗೆ ಉತ್ತರ. ಅದರಲ್ಲಿ ಹ್ಯಾಮ್, ಅಂದರೆ ಹಂದಿ ಮಾಂಸ, ಇಲ್ಲ, ಜರ್ಮನಿಯ ಹ್ಯಾಂಬರ್ಗ್ ಅನ್ನೋ ಊರಿನ ಹೆಸರು ಅಂಟಿಕೊಂಡಿದೆ ಅಷ್ಟೇ. ನಮ್ಮಲ್ಲಿ ಮೈಸೂರು ಪಾಕ್ ಇಲ್ವಾ, ಹಾಗೆ.

ಮುಂಬೈಯಲ್ಲಿ ನಾನು ಮತ್ತೆ ಮತ್ತೆ ಹೋಗೋದು ಕೊಲಾಬಾದ ವುಡ್‌ಸೈಡ್ ಇನ್‌ಗೆ. ರೀಗಲ್ ಟಾಕೀಸ್ ಎದುರಿಗೇ ಇದೆ. ಅವರು ಬಿಯರ್-ಬರ್ಗರ್ ಹಬ್ಬ ಅಂತಲೇ ಮಾಡುತ್ತಾರೆ, ಆಗ ಮೆನುವಿನಲ್ಲಿ ಏನೇನೋ ಹೊಸದು ಬರುತ್ತದೆ. ನನಗೆ ಅವರ ಮಾಮೂಲಿ ಬರ್ಗರೇ ಸಾಕು. ಮುಲುಂಡ್‌ನಿಂದ ಸಿಎಸ್‌ಎಂಟಿ ಸ್ಟೇಷನ್‌ಗೆ ಫಾಸ್ಟ್ ಲೋಕಲ್ ಹಿಡಿದು ಅಲ್ಲಿಂದ ಟ್ಯಾಕ್ಸಿ ಮಾಡಿ. ಶನಿವಾರ ರಾತ್ರಿ ಬೇಡ, ಕಿವಿ ಹೋಗುತ್ತದೆ. ಮಧ್ಯಾಹ್ನ ಹೋಗಿ.

ದೆಹಲಿ ಕಡೆಯಿಂದ ಬಂದ ಗುಡ್ ಫ್ಲಿಪ್ಪಿನ್ ಬರ್ಗರ್ಸ್ ಈಗ ಮುಂಬೈಯಲ್ಲೂ ಇದೆ. ಹ್ಯೂಸ್ಟನ್ ಹುಡುಗನಿಗೆ ಅದು ಗುರುತು ಹತ್ತುವ ತರಹದ್ದು. ತೆಳ್ಳಗೆ ಒತ್ತಿದ ಪ್ಯಾಟಿ, ಕರಗಿದ ಚೀಸ್, ಮೆತ್ತನೆ ಬನ್. ಜಾಸ್ತಿ ಸರ್ಕಸ್ ಇಲ್ಲ.

ಒಂದು ವಿಷಯ ಹುಡುಗನಿಗೆ ಮೊದಲೇ ಹೇಳಿಬಿಡಿ. ಮೆನುವಿನಲ್ಲಿ "ಬಫ್" ಅಂತ ಇದ್ದರೆ ಅದು ಎಮ್ಮೆ-ಕೋಣದ ಮಾಂಸ. ಬರೀ "ಟೆಂಡರ್‌ಲಾಯಿನ್" ಅಂತ ಬರೆದಿದ್ದರೂ ಇಲ್ಲಿ ಹೆಚ್ಚಾಗಿ ಅದೇ. ಮಹಾರಾಷ್ಟ್ರದಲ್ಲಿ 2015ರಿಂದ ಎತ್ತು, ಹೋರಿ ಕಡಿಯುವುದಕ್ಕೂ ನಿಷೇಧ ಇದೆ, ಎಮ್ಮೆಗೆ ಇಲ್ಲ. ಟೆಕ್ಸಾಸ್‌ನಲ್ಲಿ ತಿಂದ ರುಚಿಯನ್ನೇ ಇಲ್ಲಿ ಹುಡುಕಿದರೆ ನಿರಾಸೆ ಗ್ಯಾರಂಟಿ. ಇದು ಬೇರೆ ಮಾಂಸ ಅಂತ ತಿಳಿದು ತಿಂದರೆ ಖುಷಿಯಾಗುತ್ತಾನೆ.

ಠಾಣೆಯಿಂದ:

ಎಲ್ಲಿಯಾದರೂ ಹೋಗಿ ತಿನ್ನಿ, ಮನೆಗೆ ಮಾತ್ರ ತರಿಸಬೇಡಿ. ಡಬ್ಬಿಯೊಳಗೆ ಇಪ್ಪತ್ತೈದು ನಿಮಿಷ ಬೆವರಿದ ಬನ್ನು ಯಾರು ಮಾಡಿದ್ದಾದರೂ ಒಂದೇ.

ಊರು ಕುಂದಾಪುರ, ಅಂಧೇರಿಯ ಹೋಟೆಲ್ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷ:

ಅದರಲ್ಲಿ ಆರು ವರ್ಷ ಬರ್ಗರ್ ತವಾದ ಮುಂದೆಯೇ ನಿಂತಿದ್ದೆ. ಅಂಗಡಿ ಹೆಸರು ಬೇರೆಯವರು ಹೇಳಲಿ. ನೋಡಿದ ಕೂಡಲೇ ಗೊತ್ತಾಗೋದು ಹೇಗೆ ಅಂತ ನಾನು ಹೇಳುತ್ತೇನೆ, ಆಗ ರೇಟಿಂಗ್ ಹಂಗಿಲ್ಲ.

ಒಳಗೆ ಹೋದವರು ಕೂರುವ ಮೊದಲು ತವಾ ಎಲ್ಲಿದೆ ನೋಡಿ. ಆರ್ಡರ್ ಕೊಟ್ಟ ಮೇಲೆ ಕೆಂಪು ಮಾಂಸದ ಉಂಡೆ ತವಾ ಮೇಲೆ ಬಿದ್ದು ಚೊಂಯ್ ಅಂದರೆ ಕೂತುಕೊಳ್ಳಿ. ಬಿಳಿ ಬ್ರೆಡ್ ಪುಡಿ ಮೆತ್ತಿದ ಬಿಲ್ಲೆ ಎಣ್ಣೆಗೆ ಇಳಿದರೆ ಅದು ಕಟ್ಲೆಟ್. ಕಟ್ಲೆಟ್ ಕೆಟ್ಟದ್ದಲ್ಲ, ಆದರೆ ಕಟ್ಲೆಟ್‌ಗೆ 480 ಕೊಡಬಾರದು.

ಎರಡನೇದು ಬನ್. ಬಂದ ಕೂಡಲೇ ಕೆಳಗಿನ ಬನ್ನಿನ ತಳಕ್ಕೆ ಬೆರಳು ಒತ್ತಿ. ಆಗಲೇ ಒದ್ದೆಯಾಗಿದ್ದರೆ ಅವರು ಬನ್ ಸುಟ್ಟಿಲ್ಲ. ಕೊಯ್ದ ಮುಖಕ್ಕೆ ಬೆಣ್ಣೆ ಸವರಿ ತವಾ ಮೇಲೆ ಕವುಚಿ ಹಾಕಿದರೆ ಅಲ್ಲೊಂದು ಗರಿ ಪದರ ಏಳುತ್ತದೆ. ಮಾಂಸದ ರಸ ತಕ್ಷಣ ಇಳಿಯದ ಹಾಗೆ ತಡೆಯೋದು ಅದೇ. ಮೂವತ್ತು ಸೆಕೆಂಡಿನ ಕೆಲಸ. ರಶ್ ಆದಾಗ ಎಲ್ಲರೂ ಮೊದಲು ಬಿಡೋದು ಇದನ್ನೇ. ನಾನೂ ಬಿಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮೂರನೇದು ಕೊಬ್ಬು. ಅಮೆರಿಕದಲ್ಲಿ ನೂರು ಗ್ರಾಂ ಕೈಮಾದಲ್ಲಿ ಇಪ್ಪತ್ತು ಗ್ರಾಂ ಕೊಬ್ಬು ಇರೋದು ಮಾಮೂಲು. ನಮ್ಮ ಎಮ್ಮೆ ಮಾಂಸದಲ್ಲಿ ಕೊಬ್ಬು ಕಮ್ಮಿ. ಅದನ್ನು ದಪ್ಪ ಪ್ಯಾಟಿ ಮಾಡಿ ಪೂರ್ತಿ ಬೇಯಿಸಿದರೆ ಒಣ ಕಟ್ಟಿಗೆ. ಬುದ್ಧಿ ಇರೋರು ಬೇರೆ ಕೊಬ್ಬು ಸೇರಿಸುತ್ತಾರೆ, ಇಲ್ಲಾ ತೆಳ್ಳಗೆ ಒತ್ತಿ ಜೋರು ಉರಿಯಲ್ಲಿ ಬೇಗ ತೆಗೆಯುತ್ತಾರೆ. ಚಿಕನ್ ಆದರೆ ಎದೆ ಭಾಗವಾ, ತೊಡೆಯಾ ಅಂತ ಕೇಳಿ. ಎದೆಯ ಕೈಮಾ ಮರದ ಹೊಟ್ಟು ಅಗಿದ ಹಾಗಿರುತ್ತದೆ.

ಮನೆಯಲ್ಲಿ ಮಾಡೋದಾದರೆ ಮಟನ್ ಕೈಮಾ ಚೆನ್ನಾಗಿ ಬರುತ್ತದೆ. ಕಸಾಯಿಯವನಿಗೆ ತೊಡೆ ಮಾಂಸಕ್ಕೆ ಸ್ವಲ್ಪ ಚರ್ಬಿ ಸೇರಿಸಿ ಒಂದೇ ಸಲ ಮಿಷಿನ್‌ಗೆ ಹಾಕು ಅನ್ನಿ. ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಸೇರಿಸೋ ಆಸೆ ಬರುತ್ತದೆ. ತಡೆಯಿರಿ, ಅದು ಕಬಾಬ್ ಆಗುತ್ತದೆ. ಉಪ್ಪನ್ನೂ ಒಳಗೆ ಕಲಸಬೇಡಿ. ಕಲಸಿಟ್ಟರೆ ಮಾಂಸ ಅಂಟಂಟಾಗಿ ರಬ್ಬರ್ ಚೆಂಡಾಗುತ್ತದೆ. ನೂರು ಗ್ರಾಂನ ಉಂಡೆ ಕಟ್ಟಿ, ಜಾಸ್ತಿ ನಾದದೆ. ಕಬ್ಬಿಣದ ಕಾವಲಿ ಹೊಗೆ ಏಳುವಷ್ಟು ಕಾದ ಮೇಲೆ ಉಂಡೆ ಇಟ್ಟು, ಮೇಲೆ ಬಟರ್ ಪೇಪರ್ ಹಾಕಿ, ಚಪ್ಪಟೆ ತಳದ ಪಾತ್ರೆಯಿಂದ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಪೇಪರ್ ತೆಗೆದು ಉಪ್ಪು, ಕರಿಮೆಣಸಿನ ಪುಡಿ ಉದುರಿಸಿ. ಆಮೇಲೆ ಎರಡು ನಿಮಿಷ ಕೈ ಕಟ್ಟಿಕೊಂಡು ನಿಲ್ಲಿ. ಅಂಚು ನೀರ್ದೋಸೆಯ ಹಾಗೆ ತೂತು ತೂತಾಗಿ ಕಂದು ಬಣ್ಣಕ್ಕೆ ಬರುತ್ತದೆ. ಆ ಕಂದಿನಲ್ಲೇ ರುಚಿ ಇರೋದು. ಕೆರೆದು ಮಗುಚಿ, ಚೀಸ್ ಇಡಿ, ಇನ್ನೊಂದು ನಿಮಿಷ. ಒಳಗೆ ಕೆಂಪು ಉಳಿಯಬಾರದು. ಹುಡುಗ ಅಲ್ಲಿ ಅರ್ಧ ಬೆಂದದ್ದು ತಿನ್ನುತ್ತಿರಬಹುದು, ಇಲ್ಲಿಯ ಮಾರ್ಕೆಟ್ ಕೈಮಾಕ್ಕೆ ಅದು ಬೇಡ.

ದೋಸೆ ಕಾವಲಿಯಲ್ಲಿ ಮಾಡಬೇಡಿ. ನೀವು ಸಸ್ಯಾಹಾರಿ ಅಂದಿದ್ದೀರಿ. ಆಮೇಲೆ ಆ ಕಾವಲಿಯಲ್ಲಿ ದೋಸೆ ಏಳೋದೂ ಇಲ್ಲ, ನೀವು ತಿನ್ನೋದೂ ಇಲ್ಲ.

ಮಾಟುಂಗಾದಿಂದ, ಶುದ್ಧ ಸಸ್ಯಾಹಾರಿ:

ಎಲ್ಲರೂ ಮಾಂಸದ ಬಗ್ಗೆಯೇ ಬರೆದಿದ್ದೀರಿ. ಕೇಳಿದ ಅಮ್ಮನವರು ಅಲ್ಲಿ ಹೋಗಿ ಏನು ತಿನ್ನಬೇಕು, ನೀರು ಕುಡಿಯಬೇಕಾ?

ನಮ್ಮ ತಲೆಮಾರಿಗೆ ಬರ್ಗರ್ ಅಂದರೆ ಏನು ಅಂತ ಕಲಿಸಿದ್ದು ಮೆಕ್‌ಡೊನಾಲ್ಡ್ಸ್. 1996ರ ಅಕ್ಟೋಬರ್‌ನಲ್ಲಿ ಮೊದಲು ದೆಹಲಿ, ಅದೇ ತಿಂಗಳು ಬಾಂದ್ರಾದ ಲಿಂಕಿಂಗ್ ರೋಡ್. ಬೀಫ್ ಇಲ್ಲ, ಹಂದಿ ಇಲ್ಲ, ಸಸ್ಯಾಹಾರಕ್ಕೆ ಬೇರೆಯೇ ಅಡುಗೆ ಜಾಗ. ಆ ನಂಬಿಕೆಯ ಮೇಲೆ ನಮ್ಮಪ್ಪನಂಥವರೂ ಒಳಗೆ ಕಾಲಿಟ್ಟರು. ಆಲೂ ಟಿಕ್ಕಿ ಬರ್ಗರ್ ಅಲ್ಲ ಅಂತ ಮೂಗು ಮುರಿಯೋರು ಮುರಿಯಲಿ. ಒಳ್ಳೆ ಟಿಕ್ಕಿಗೆ ಹೊರಗೆ ಗರಿ, ಒಳಗೆ ಬಟಾಣಿ ಸಿಗಬೇಕು, ಅಷ್ಟಿದ್ದರೆ ನನಗೆ ಅದು ಬರ್ಗರೇ. ದೊಡ್ಡ ರೆಸ್ಟೋರೆಂಟ್‌ಗಳಲ್ಲಿ ಮಾಡೋ ಬೀಟ್‌ರೂಟ್ ಪ್ಯಾಟಿ ಮಾತ್ರ ಬೇಡ. ಮಾಂಸದ ಬಣ್ಣ ಬರಲಿ ಅಂತ ಮಾಡುತ್ತಾರೆ, ತಿಂದರೆ ಸಿಹಿ ಪಲ್ಯ. ಪನೀರ್ ಅಥವಾ ಅಣಬೆಯದು ತಗೊಳ್ಳಿ. ಇಡೀ ಅಣಬೆ ಹಾಕಿದ್ದರೆ ಇನ್ನೂ ಒಳ್ಳೆಯದು.

ಇನ್ನು ವಡಾಪಾವ್ ನಮ್ಮ ಬರ್ಗರ್ ಅಂತ ಯಾರಾದರೂ ಬರೆದೇ ಬರೆಯುತ್ತೀರಿ, ನಾನೇ ಮೊದಲು ಬರೆದು ಮುಗಿಸುತ್ತೇನೆ. ದಾದರ್ ಸ್ಟೇಷನ್ ಹೊರಗೆ 1966ರಲ್ಲಿ ಶುರುವಾಯಿತು ಅನ್ನುತ್ತಾರೆ. ಅದು ಬರ್ಗರ್‌ನ ತಮ್ಮ ಅಲ್ಲ, ಬೇರೆ ಮನೆತನ. ಪಾವ್‌ನಲ್ಲಿ ಬೆಣ್ಣೆ, ಮೊಟ್ಟೆ ಏನೂ ಇಲ್ಲ, ಬರ್ಗರ್ ಬನ್ನಿನ ಸಿಹಿಯೂ ಇಲ್ಲ. ಒಣ ಬೆಳ್ಳುಳ್ಳಿ ಚಟ್ನಿ, ಹುರಿದ ಹಸಿಮೆಣಸು. ಹೋಲಿಕೆ ಮಾಡಿದರೆ ಎರಡಕ್ಕೂ ಅವಮಾನ.

ಪುಣೆಯಿಂದ, ಊರು ವಿಜಯಪುರ:

ಅಕ್ಕೋರೆ, ಹನ್ನೆರಡು ದಿನ ಇದ್ದಾನಂದ್ರ ಒಂದು ದಿನ ಪುಣೆಗೆ ಕಳಸ್ರಿ. ಡೆಕ್ಕನ್ ಕ್ವೀನ್ ಬಿಟ್ಟು ಬೆಳಗಿನ ಗಾಡಿ ಹಿಡೀಲಿ, ಅದು ಮುಂಬೈಯಿಂದ ಸಂಜಿಗೆ ಬಿಡತೈತಿ.

ಪುಣೆಯ ಕ್ಯಾಂಪ್ ಬಡಾವಣೆಯ ಈಸ್ಟ್ ಸ್ಟ್ರೀಟ್‌ನಲ್ಲಿ ಇರಾನಿ ದಂಪತಿ ನಡೆಸೋ ಬರ್ಗರ್ ಕಿಂಗ್ ಇದೆ. ಅಮೆರಿಕದ್ದಲ್ಲ, ಪುಣೆಯದ್ದು. 1992ರಿಂದ ಇದೆ. ಅಮೆರಿಕದ ಕಂಪನಿ ಭಾರತದಲ್ಲಿ ಅಂಗಡಿ ತೆಗೆದದ್ದೇ 2014ರಲ್ಲಿ. ಆದರೂ ಹೆಸರು ನಮ್ಮದು ಅಂತ ಕಂಪನಿಯವರು 2011ರಲ್ಲೇ ಕೇಸ್ ಹಾಕಿದ್ದರು. 2024ರಲ್ಲಿ ಪುಣೆ ಕೋರ್ಟು ಆ ದಾವೆಯನ್ನು ವಜಾ ಮಾಡಿತು, ಕಂಪನಿಯವರು ಹೈಕೋರ್ಟಿಗೆ ಹೋದರು. ಬೋರ್ಡಿನ ಮೇಲೆ ಯಾವ ಹೆಸರಿದ್ದರೂ ಕ್ಯಾಂಪಿನಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ನಾನು ಕಾಲೇಜಿಗೆ ಬಂದ ಮೊದಲ ವರ್ಷ, ಮೆಸ್‌ನ ಊಟ ಬೇಜಾರಾದಾಗ ಅಲ್ಲಿಗೆ ಹೋಗುತ್ತಿದ್ದೆ. ನಾವು ಮೂವರು, ಬರ್ಗರ್ ಎರಡು. ಚಾಕು ಕೇಳಿ ಮೂರು ಪಾಲು ಮಾಡುತ್ತಿದ್ದೆವು, ನಡುವಿನ ತುಂಡು ಯಾರಿಗೆ ಅಂತ ಚೀಟಿ ಎತ್ತುತ್ತಿದ್ದೆವು. ಬನ್ನಿನ ಅಂಚು ಇಲ್ಲದ ಪಾಲು ಅದು, ಮಾಂಸ ಮತ್ತು ಸಾಸ್ ಜಾಸ್ತಿ. ಈಗ ಸಂಬಳ ಬರುತ್ತದೆ, ಒಬ್ಬನೇ ಒಂದು ಪೂರ್ತಿ ತಿನ್ನುತ್ತೇನೆ, ಎರಡು ತಿನ್ನೋಕೆ ಆಗಲ್ಲ. ತಿಂದಾದ ಮೇಲೆ ಅದೇ ರಸ್ತೆಯ ಕಯಾನಿ ಬೇಕರಿಯಲ್ಲಿ ಶ್ರೂಸ್‌ಬರಿ ಬಿಸ್ಕತ್ತು ಕಟ್ಟಿಸಿಕೊಳ್ಳಲಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಟೈಮ್ ನೋಡ್ಕೊಂಡು ಹೋಗ್ರಿ.

ಮುಲುಂಡ್‌ನಿಂದ:

ಎಲ್ಲರಿಗೂ ಥ್ಯಾಂಕ್ಸ್. ಅತ್ತೆಗೆ ಹ್ಯಾಂಬರ್ಗ್ ಕಥೆ ಹೇಳಿದೆ. "ಹಂಗಾದ್ರೆ ಊರಿನ ಹೆಸರಿಟ್ಟುಕೊಂಡು ಯಾಕೆ ಮೋಸ ಮಾಡಬೇಕು" ಅಂದರು.

ಮಡಗಾಂವ್‌ನಿಂದ, ಊರು ಕಾರವಾರ:

ಗೋವಾಕ್ಕೆ ಬರೋದಿದ್ದರೆ ಬರ್ಗರ್ ಹುಡುಕಬೇಡಿ, ಕಟ್ಲೆಟ್ ಪಾವ್ ಹುಡುಕಿ. ಸಂಜೆ ಗಾಡಿಗಳು ಬರುತ್ತವೆ, ಇಲ್ಲಿ "ಗಾಡೊ" ಅನ್ನುತ್ತಾರೆ. ಇವರ ಕಟ್ಲೆಟ್ ಅಂಧೇರಿಯವರು ಹೇಳಿದ ಬಿಲ್ಲೆ ಅಲ್ಲ. ಬೀಫ್‌ನ ತೆಳ್ಳನೆ ಹಾಳೆಯನ್ನು ಬಡಿದು ಮಸಾಲೆಯಲ್ಲಿ ನೆನೆಸಿ, ರವೆಯಲ್ಲಿ ಹೊರಳಿಸಿ, ಕಣ್ಣೆದುರೇ ಕರಿಯುತ್ತಾರೆ. ಮೀನಿಗೆ ರವೆ ಮೆತ್ತಿ ಹುರಿಯುತ್ತೇವಲ್ಲ, ಅದೇ ಕೈ. ಪಾವ್ ಸೀಳಿ ಕೋಸಿನ ಎಸಳು, ಈರುಳ್ಳಿ ಜೊತೆ ತುರುಕಿ ಪೇಪರ್‌ನಲ್ಲಿ ಕೊಡುತ್ತಾರೆ. ನಿಂತು ತಿನ್ನಬೇಕು, ಕೂರೋಕೆ ಜಾಗ ಇಲ್ಲ.

ಗಾಡಿಯವರು ಕೇಳದೆ ಸಾದಾ ಪಾವ್ ಕೊಡುತ್ತಾರೆ. ಪೊಯಿ ಇದ್ದರೆ ಅದರಲ್ಲಿ ಹಾಕಿಸಿಕೊಳ್ಳಿ. ಗೋಧಿ ಹೊಟ್ಟು ಮೆತ್ತಿದ, ಒಳಗೆ ಜೇಬಿನ ಹಾಗೆ ಟೊಳ್ಳಿರೋ ರೊಟ್ಟಿ ಅದು. ಪೊದೇರ್, ಅಂದರೆ ರೊಟ್ಟಿ ಮಾರುವವನು, ಬೆಳಿಗ್ಗೆ-ಸಂಜೆ ಸೈಕಲ್ ಮೇಲೆ ಪೊಂಪೊಂ ಅಂತ ಹಾರ್ನ್ ಒತ್ತಿಕೊಂಡು ತರುತ್ತಾನೆ. ರಸ ಎಷ್ಟಿದ್ದರೂ ಪೊಯಿ ಹರಿಯಲ್ಲ. ಹಂದಿ ಆಗುತ್ತದೆ ಅನ್ನೋರಿಗೆ ಚೊರಿಸ್ ಪಾವ್, ಅಂದರೆ ಗೋವಾದ ಹಂದಿ ಸಾಸೇಜ್ ತುಂಬಿದ ಪಾವ್, ಇದೆ. ಹುಳಿ, ಖಾರ, ಎಣ್ಣೆ ಮೂರೂ ಮೊಣಕೈವರೆಗೆ ಇಳಿಯುತ್ತದೆ. ಬಿಳಿ ಅಂಗಿ ಹಾಕಿಕೊಂಡು ಬರಬೇಡಿ.

ಗೋವಾಕ್ಕೆ ಬೀಫ್ ಹೆಚ್ಚಾಗಿ ನಮ್ಮ ಬೆಳಗಾವಿ ಕಡೆಯಿಂದಲೇ ಬರುತ್ತಿತ್ತು. 2021ರಲ್ಲಿ ಕರ್ನಾಟಕದ ಕಾಯ್ದೆ ಬಿಗಿಯಾದಾಗ ಇಲ್ಲಿ ಕೊರತೆಯಾಗಿತ್ತು. ಈಗಲೂ ಒಂದೊಂದು ದಿನ "ಇವತ್ತು ಚಿಕನ್ ಮಾತ್ರ" ಅನ್ನುತ್ತಾರೆ. ಬೈಯಬೇಡಿ, ಚಿಕನ್ನೂ ಚೆನ್ನಾಗಿರುತ್ತದೆ.

ಮುಲುಂಡ್‌ನಿಂದ, ಎರಡು ವಾರದ ನಂತರ:

ಹುಡುಗ ನಿನ್ನೆ ಹೊರಟ. ವರದಿ ಒಪ್ಪಿಸುತ್ತೇನೆ.

ಕೊಲಾಬಾಕ್ಕೆ ಬುಧವಾರ ಮಧ್ಯಾಹ್ನ ಹೋದೆವು. ಬಂದ ಕೂಡಲೇ ನಾನು ಅವನ ಬನ್ನಿನ ತಳಕ್ಕೆ ಬೆರಳು ಒತ್ತಿದೆ. "ಚಿಕ್ಕಮ್ಮಾ, ಏನು ಮಾಡ್ತಿದ್ದೀರಾ" ಅಂತ ಅವನು ಗಾಬರಿಯಾದ. ಗರಿಯಾಗಿತ್ತು. ಪೂರ್ತಿ ತಿಂದ, ಮಾತಾಡದೆ, ಆದರೆ ಇದು ಬೇರೆ ತರದ ಮೌನ. ನಾನು ಅಣಬೆಯದು ಕೇಳಿದೆ, ಆ ದಿನ ಇರಲಿಲ್ಲ, ಫ್ರೈಸ್ ನನ್ನ ಪಾಲಿಗೆ ಬಂತು. ಯಜಮಾನರು ಅರ್ಧ ಕಟ್ಟಿಸಿಕೊಂಡರು. ದಾದರ್ ದಾಟುವಷ್ಟರಲ್ಲಿ ಲೋಕಲ್‌ನಲ್ಲಿ ಎಲ್ಲರೂ ನಮ್ಮ ಕಡೆ ನೋಡೋ ಹಾಗೆ ವಾಸನೆ, ಮನೆಗೆ ಬಂದು ಬಿಚ್ಚಿದರೆ ಬನ್ ಅಂಬಲಿ. ಠಾಣೆಯವರೇ, ನೀವು ಹೇಳಿದ್ದೇ ಸರಿ.

ಭಾನುವಾರ ಹೊಸ ಕಬ್ಬಿಣದ ಕಾವಲಿ ತಂದು ಹುಡುಗ, ಯಜಮಾನರು ಇಬ್ಬರೂ ಮಟನ್ ಕೈಮಾ ಒತ್ತಿದರು. ಹೊಗೆಗೆ ಪಕ್ಕದ ಮನೆಯವರು ಬಂದು ಬೆಲ್ ಮಾಡಿದರು. ಮೊದಲನೇದು ಹರಿಯಿತು, ಎರಡನೇದಕ್ಕೆ ಅಂಚಿನಲ್ಲಿ ಆ ತೂತುಗಳು ಬಂದವು. ಹುಡುಗ ಫೋಟೋ ತೆಗೆದು ಅವರಮ್ಮನಿಗೆ ಕಳಿಸಿದ. ನಾಲ್ಕು ತಿಂದ.

ಆದರೆ ಬನ್ ಮಾತ್ರ ಸರಿ ಹೋಗಲಿಲ್ಲ. ನಮ್ಮ ಬೇಕರಿಯದು ಬೆಣ್ಣೆ ಸವರಿ ಕವುಚಿದರೆ ಪುಡಿಪುಡಿ. ಮುಲುಂಡ್, ಭಾಂಡುಪ್ ಕಡೆ ಒಳ್ಳೆ ಬರ್ಗರ್ ಬನ್ ಯಾರ ಹತ್ತಿರ ಸಿಗುತ್ತದೆ? ಸ್ಟೇಷನ್‌ನ ಪಶ್ಚಿಮ ಬದಿಯಲ್ಲಿದ್ದರೆ ಇನ್ನೂ ಒಳ್ಳೆಯದು, ರೈಲ್ವೆ ಬ್ರಿಜ್ ಹತ್ತೋದು ತಪ್ಪುತ್ತದೆ.